ಹಳೇ ಪಾತ್ರೆ, ಹಳೇ ದರಪಟ್ಟಿ: ಹುಬ್ಬಳ್ಳಿ ಸುತ್ತಮುತ್ತ ಹುಡುಕಿ, ಕೊಂಡು, ಕಾಯ್ದಿಡುವ ಬಗೆ

ನಮ್ಮ ಕಡೆ ಹಳೇ ಮನೆ ಖಾಲಿ ಮಾಡಿದರೆ ಸಾಮಾನು ಎರಡು ಗಾಡಿಯಲ್ಲಿ ಹೋಗುತ್ತದೆ. ತಾಮ್ರ, ಹಿತ್ತಾಳೆ, ಕಬ್ಬಿಣ ಮೋಡಕಾದವರ, ಅಂದರೆ ಹಳೇ ಲೋಹ ಕೊಳ್ಳುವವರ ಗಾಡಿಗೆ. ಪುಸ್ತಕ, ಬಿಲ್ಲು, ಕ್ಯಾಲೆಂಡರು, ಕಂಪನಿಯ ಕ್ಯಾಟಲಾಗು ರದ್ದಿಯವರ ಗಾಡಿಗೆ. ಎರಡಕ್ಕೂ ತೂಕದ ಲೆಕ್ಕ. ಒಂದೇ ಅಡುಗೆಮನೆಯಲ್ಲಿ ಐವತ್ತು ವರ್ಷ ಜೊತೆಗಿದ್ದ ಪಂಪ್ ಸ್ಟೋವು ಮತ್ತು ಅದರ ಜೊತೆ ಬಂದ ಸಣ್ಣ ಪುಸ್ತಿಕೆ ಒಂದೇ ಮಧ್ಯಾಹ್ನ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಹಳೇ ಪಾತ್ರೆ ಕೂಡಿಸುವವರು ಬಹಳ ಮಂದಿ ಇದ್ದಾರೆ. ಹಳೇ ಕಾಗದ ಕೂಡಿಸುವವರು ಕಡಿಮೆ. ಎರಡನ್ನೂ ಸೇರಿಸಿ ಕೂಡಿಸಿ ಅನ್ನೋದು ನನ್ನ ಮಾತು. ಪಾತ್ರೆ ನೋಡಿ ಅದರ ವಯಸ್ಸು ಹೇಳುವುದು ಕಷ್ಟ. ಕಾಗದ ನೋಡಿ ಹೇಳುವುದು ಅಷ್ಟು ಕಷ್ಟವಲ್ಲ. ದರಪಟ್ಟಿಯಲ್ಲಿ ಅದೇ ಪಾತ್ರೆಯ ಚಿತ್ರ ಸಿಕ್ಕರೆ ಅದರ ಹೆಸರು, ಅಳತೆ, ಆಗಿನ ಬೆಲೆ, ಮಾಡಿದ ಊರು ಎಲ್ಲಾ ಒಮ್ಮೆಗೇ ಸಿಕ್ಕಂತೆ. ಅದಕ್ಕೇ ಈ ಬರಹದಲ್ಲಿ ಕಾಗದದ ಮಾತು ಸ್ವಲ್ಪ ಜಾಸ್ತಿ.

ಮೊದಲು ಒಂದು ಗೆರೆ ಹಾಕಿಕೊಳ್ಳಿ

ಕಂಡದ್ದನ್ನೆಲ್ಲ ಕೊಂಡರೆ ಆರು ತಿಂಗಳಲ್ಲಿ ಮನೆ ತುಂಬುತ್ತದೆ, ಮನೆಯವರ ಸಿಟ್ಟೂ ತುಂಬುತ್ತದೆ. ಒಂದು ತಾಮ್ರದ ಹಂಡೆ ಇಡೋ ಜಾಗದಲ್ಲಿ ಇಪ್ಪತ್ತು ಚರಿಗೆ ಇಡಬಹುದು. ಹೀಗಾಗಿ ಯಾವುದಾದರೂ ಒಂದು ದಾರಿ ಹಿಡಿಯಿರಿ. ಊಟದ ಸಾಮಾನು ಅಂದರೆ ಗಂಗಾಳ, ತಾಟು, ತಂಬಿಗೆ, ಚರಿಗೆ, ವಾಟಗ. ಅಳತೆಯ ಸಾಮಾನು ಅಂದರೆ ಸೇರು, ಅಚ್ಚೇರು, ಪಾವು, ಗಿದ್ನ, ಚಟಾಕು. ಒಲೆಯ ಕಡೆಯದು ಅಂದರೆ ಸ್ಟೋವು, ಕುಕ್ಕರು, ರೊಟ್ಟಿ ಹಂಚು. ಕೈಯಿಂದ ತಿರುಗಿಸೋ ಶಾವಿಗೆ ಯಂತ್ರ, ಚಕ್ಕಲಿ ಒತ್ತುವ ಒರಳು ಇವುಗಳದ್ದೇ ಒಂದು ಸಂಗ್ರಹ ಮಾಡಬಹುದು.

ಹೊಸಬರಿಗೆ ನಾನು ಹೇಳೋದು ಅಳತೆಯ ಸಾಮಾನು. ಜಾಗ ಕಡಿಮೆ ಸಾಕು. ಚಟಾಕಿನಿಂದ ಸೇರಿನವರೆಗೆ ಒಂದು ಸಾಲು ಪೂರ್ತಿ ಮಾಡಬೇಕು ಅನ್ನೋ ಗುರಿ ಇರುತ್ತದೆ. ಹಳೇ ಅಳತೆಗಳಲ್ಲಿ ಬಹಳಷ್ಟಕ್ಕೆ ಸರಕಾರಿ ಮುದ್ರೆ ಒತ್ತಿರುತ್ತಾರೆ. ಹೀಗಾಗಿ ಓದೋದಕ್ಕೂ ಏನಾದರೂ ಸಿಗುತ್ತದೆ.

ಎಲ್ಲಿ ಹುಡುಕಬೇಕು, ಯಾವಾಗ

ಹುಬ್ಬಳ್ಳಿಯಲ್ಲಿ ದುರ್ಗದಬೈಲ್ ಸುತ್ತಲಿನ ಗಲ್ಲಿಗಳಿಂದ ಶುರು ಮಾಡಿ. ಕಂಚಗಾರ ಗಲ್ಲಿಯ ಹೆಸರೇ ಕಸುಬನ್ನು ಹೇಳುತ್ತದೆ. ಪಾತ್ರೆ ಅಂಗಡಿಯವರು ಹೊಸ ಸ್ಟೀಲಿಗೆ ಬದಲಾಗಿ ಹಳೇ ಹಿತ್ತಾಳೆ, ತಾಮ್ರ ತೂಕಕ್ಕೆ ತಗೊಳ್ಳುತ್ತಾರೆ. ಆ ಮಾಲು ಸ್ವಲ್ಪ ದಿನ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿರುತ್ತದೆ. ಆಮೇಲೆ ಕರಗಿಸೋಕೆ ಹೋಗುತ್ತದೆ. ಆ ನಡುವಿನ ದಿನಗಳೇ ನಮ್ಮ ಸಮಯ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ, "ಮೋಡಕಾಕ್ಕ ಬಂದದ್ದು ಏನರೆ ಐತೇನ್ರಿ?" ಅಂತ ಕೇಳಿ. ಅಲ್ಲೇ ಆರಿಸೋಕೆ ಬಿಡುವವರೂ ಇದ್ದಾರೆ.

ಧಾರವಾಡದಲ್ಲಿ ಮಂಗಳವಾರದ ಸಂತೆಗೆ ಹೋಗಿ. ಕಾಯಿಪಲ್ಲೆ ಸಾಲು ದಾಟಿದ ಮೇಲೆ ನೆಲದಲ್ಲಿ ಚಾದರ ಹಾಸಿ ಕೂತವರ ಕಡೆ ಕಣ್ಣಿಡಿ. ಹಳೇ ಬೀಗ, ಕತ್ತರಿ, ಸ್ಟೋವಿನ ಬರ್ನರು, ಹಿಡಿ ಇಲ್ಲದ ಈಳಿಗೆ ಇವುಗಳ ನಡುವೆ ಒಂದೊಂದು ಒಳ್ಳೇದು ಇರುತ್ತದೆ. ಇನ್ನು ಕಾಗದ. ಧಾರವಾಡ ಮೊದಲಿನಿಂದ ಪುಸ್ತಕದ ಊರು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರದ್ದು, ಮನೋಹರ ಗ್ರಂಥಮಾಲೆ 1933ರದ್ದು. ಮಾಸ್ತರರು, ಪ್ರೊಫೆಸರರು ತುಂಬಿದ ಊರಲ್ಲಿ ರದ್ದಿ ಅಂಗಡಿಗೆ ಬರುವ ಕಾಗದವೂ ಬೇರೆ ತರಹದ್ದು.

ಗದಗ-ಬೆಟಗೇರಿ ಅಚ್ಚಿನ ಕೆಲಸಕ್ಕೆ ಹೆಸರಾದ ಜಾಗ. ಹಳೇ ಮುದ್ರಣಾಲಯ ಮುಚ್ಚಿದಾಗ ಅಥವಾ ಮಶೀನು ಬದಲಿಸಿದಾಗ ಕಪಾಟಿನಿಂದ ಹೊರಬೀಳುವ ಮಾದರಿ ಹಾಳೆಗಳನ್ನು ಬಿಡಬೇಡಿ. ಲಗ್ನಪತ್ರಿಕೆಯ ನಮೂನೆ, ಅಂಗಡಿ ಬಿಲ್ಲಿನ ನಮೂನೆ, ಲೇಬಲ್ಲು, ಕ್ಯಾಲೆಂಡರಿನ ಕೆಳಪಟ್ಟಿ. ಪಾತ್ರೆ ಅಂಗಡಿಯ ಹಳೇ ಬಿಲ್ ಬುಕ್ಕು ಇಂಥ ಕಡೆಯೇ ಸಿಗುತ್ತದೆ. ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ, ರಾಣೇಬೆನ್ನೂರಿನಂಥ ವ್ಯಾಪಾರದ ಊರುಗಳ ದಲಾಲಿ ಅಂಗಡಿಗಳು ಒಳ್ಳೇ ಜಾಗ. ತೂಕದ ಕಲ್ಲು, ಸೇರು, ಕಬ್ಬಿಣದ ತಕ್ಕಡಿ ಇವು ಅಡುಗೆಮನೆಗಿಂತ ಅಲ್ಲಿಂದ ಬರೋದೇ ಜಾಸ್ತಿ.

ಕಾಲದ ಲೆಕ್ಕವೂ ಇದೆ. ದೀಪಾವಳಿಗೆ ಮೊದಲಿನ ಹದಿನೈದು ದಿನ ಬೇರೆಲ್ಲಕ್ಕಿಂತ ಒಳ್ಳೇದು. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕೋಕೆ ಕೂತವರು, "ಇದನ್ನ ಇನ್ನ ಯಾರು ತಿಕ್ಕತಾರ, ಹಾಕಿಬಿಡೂಣು" ಅಂತ ತೀರ್ಮಾನ ಮಾಡೋದು ಆಗಲೇ. ಅಂಗಡಿಯವರು ಪಾಡ್ಯಕ್ಕೆ ಹೊಸ ಖಾತೆ ಪುಸ್ತಕ ಪೂಜೆ ಮಾಡುತ್ತಾರೆ. ಅದಕ್ಕೆ ಮುಂಚೆ ಅಟ್ಟ ಖಾಲಿಯಾಗುತ್ತದೆ, ಹಳೇ ಕಿರ್ದಿ, ದರಪಟ್ಟಿ ಎಲ್ಲಾ ರದ್ದಿಗೆ ಹೋಗುತ್ತದೆ. ಜಾತ್ರೆಗಳಲ್ಲಿ ಮಾತ್ರ ಹಳೇದು ಹುಡುಕಬೇಡಿ. ಅಲ್ಲಿ ಸಿಗೋದು ಹೊಸ ಹಂಚು, ಹೊಸ ಈಳಿಗೆ. ಬೇಕಿದ್ದರೆ ಮನೆಗೆ ಕೊಳ್ಳಿ, ಚೆನ್ನಾಗಿರುತ್ತವೆ.

ಚೀಲದಲ್ಲಿ ಇರಬೇಕಾದ್ದು

ಒಂದು ಸಣ್ಣ ಅಯಸ್ಕಾಂತ. ಕೊಕ್ಕೆ ಇರುವ ಕೈ ತಕ್ಕಡಿ. ಟೇಪು, ಟಾರ್ಚು, ಭೂತಗನ್ನಡಿ. ಹಳೇ ಪಂಚೆಯ ತುಂಡು. ಎರಡು ರಟ್ಟಿನ ನಡುವೆ ಕಾಗದ ಇಟ್ಟು ಕಟ್ಟುವ ಫೈಲು, ಇದನ್ನು ಮರೆಯಬೇಡಿ. ಕೈಚೀಲದಲ್ಲಿ ಮಡಚಿ ತಂದ ಕ್ಯಾಟಲಾಗು ಮನೆ ಮುಟ್ಟುವಷ್ಟರಲ್ಲಿ ಎರಡಾಗಿರುತ್ತದೆ. ಚಿಲ್ಲರೆ ನೋಟು ಇರಲಿ. ಫೋನಿನಲ್ಲಿ ದುಡ್ಡು ಕಳಿಸೋದು ಎಲ್ಲಾ ಕಡೆ ನಡೆಯುತ್ತದೆ, ಆದರೆ ಸಂತೆಯಲ್ಲಿ ನೆಟ್‌ವರ್ಕ್ ಕೈ ಕೊಡುತ್ತದೆ.

ಲೋಹ ಯಾವುದು ಅಂತ ತಿಳಿಯೋದು

ಮೊದಲು ಅಯಸ್ಕಾಂತ ಹಿಡಿಯಿರಿ. ತಾಮ್ರ, ಹಿತ್ತಾಳೆ, ಕಂಚು, ಅಲ್ಯುಮಿನಿಯಂ ಯಾವುದಕ್ಕೂ ಅದು ಅಂಟಬಾರದು. ಹಳದಿ ಪಾತ್ರೆಗೆ ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಮತ್ತೊಂದು ಮಾತು. ನಮ್ಮ ಕಡೆ ಅಲ್ಯುಮಿನಿಯಂ ಬೋಗುಣಿಗೆ "ಜರ್ಮನ್" ಅನ್ನುತ್ತಾರೆ. "ಜರ್ಮನ್ ಸಿಲ್ವರ್" ಅನ್ನೋದು ಬೇರೆಯೇ. ಅದು ತಾಮ್ರ, ನಿಕ್ಕಲ್, ಸತು ಕೂಡಿದ ಲೋಹ, ಬೆಳ್ಳಿಯ ಹನಿಯೂ ಅದರಲ್ಲಿ ಇರಲ್ಲ. ಬೆಲೆ ಕೇಳುವಾಗ ಎರಡನ್ನೂ ಕಲೆಸಬೇಡಿ.

ಹಿತ್ತಾಳೆ ಮತ್ತು ಕಂಚು ಕಣ್ಣಿಗೆ ಒಂದೇ ತರಹ ಕಾಣಬಹುದು. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು. ಕಂಚು ಅಂದರೆ ತಾಮ್ರಕ್ಕೆ ತವರ. ಊಟದ ಗಂಗಾಳದ ಒಳ್ಳೇ ಕಂಚಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ತವರ ಇರುತ್ತದೆ. ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಗಂಗಾಳವನ್ನು ಐದು ಬೆರಳ ತುದಿಯ ಮೇಲೆ ಮಾತ್ರ ನಿಲ್ಲಿಸಿ. ಅಂಗೈ ತಾಗಬಾರದು. ಅಂಚಿಗೆ ಉಗುರಿನಿಂದ ಹಗುರಾಗಿ ಹೊಡೆಯಿರಿ. ಕಂಚಾದರೆ ನಾದ ಎದ್ದು, ನೀವು ಮುಂದಿನ ಮಾತು ಆಡುವವರೆಗೂ ಸಣ್ಣಗೆ ಎಳೆಯುತ್ತಾ ಇರುತ್ತದೆ. ಹಿತ್ತಾಳೆಯದು ಬೇಗ ಸಾಯುತ್ತದೆ. ನಾದ ಎದ್ದ ಕೂಡಲೇ ಒಡಕು ದನಿಯಾಗಿ ನಿಂತರೆ ಎಲ್ಲೋ ಸೀಳಿದೆ ಅಂತ ಅರ್ಥ. ಟಾರ್ಚು ಹಿಂದಿನಿಂದ ಹಿಡಿದು ಅಂಚಿನ ಸುತ್ತ ನೋಡಿ, ಕೂದಲೆಳೆಯ ಗೆರೆ ಕಂಡೇ ಕಾಣುತ್ತದೆ. ಕಂಚು ಬಗ್ಗೋದಿಲ್ಲ, ಒಡೆಯುತ್ತದೆ. ಸೀಳಿದ ಗಂಗಾಳ ಗೋಡೆಗೆ ಸರಿ, ಊಟಕ್ಕೆ ಬೇಡ.

ತಾಮ್ರದ ಕೊಡ, ಹಂಡೆ ಕೊಳ್ಳುವಾಗ ತಳ ಮತ್ತು ಬೆಸುಗೆ ನೋಡಿ. ಹಳೇ ಕೈಕೆಲಸದ ಕೊಡದಲ್ಲಿ ಸುತ್ತಿಗೆ ಏಟಿನ ಗುರುತು ಸಾಲಾಗಿ ಇರುತ್ತದೆ. ಎರಡು ತಗಡು ಕೂಡಿದ ಕಡೆ ಹಲ್ಲು ಹಲ್ಲಾಗಿ ಕಚ್ಚಿಸಿ ಬೆಸೆದ ಗೆರೆ ಇರುತ್ತದೆ. ಬೂದುಬಣ್ಣದ ದಪ್ಪ ಬೆಸುಗೆ ಮೆತ್ತಿದ್ದರೆ ಅದು ಆಮೇಲಿನ ರಿಪೇರಿ. ಅದರಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಂಥದ್ದರಲ್ಲಿ ಕುಡಿಯುವ ನೀರು ಇಡಬೇಡಿ.

ಎನಾಮೆಲ್ ತಾಟು, ಬೋಗುಣಿ ಈಗ ಎಲ್ಲರಿಗೂ ಬೇಕಾಗಿವೆ. ಲೇಪ ಎದ್ದು ಕಪ್ಪು ಕಬ್ಬಿಣ ಕಂಡರೆ ಅಡುಗೆಗೆ ತಗೊಳ್ಳಬೇಡಿ, ಚೂರು ಊಟಕ್ಕೆ ಬೀಳುತ್ತದೆ. ಉಪ್ಪಿನಕಾಯಿ ಭರಣಿಯ ಒಳಗೆ ಕೈ ಹಾಕಿ ಸವರಿ. ಒಳಮೈ ನುಣುಪಾಗಿರಬೇಕು. ಬಿರುಕು ಬಿಟ್ಟಿದ್ದರೆ ಹುಳಿ, ಉಪ್ಪು ಒಳಗೆ ಇಳಿಯುತ್ತದೆ. ಅದನ್ನು ಕೊಡೆ ಇಡೋಕೆ ಬಳಸಿ.

ರೊಟ್ಟಿ ಹಂಚಿನ ಬಗ್ಗೆ ಬಹಳ ಹೇಳೋದಿಲ್ಲ. ತುಕ್ಕಿಗೆ ಹೆದರಬೇಡಿ, ಸೀಳಿಗೆ ಹೆದರಿ.

ಹೊಸದನ್ನು ಹಳೇದು ಮಾಡಿ ಮಾರೋದು ಉಂಟು. ರಾಸಾಯನಿಕ ಹಚ್ಚಿ ಕಪ್ಪು ಮಾಡಿದ ಹಿತ್ತಾಳೆಯಲ್ಲಿ ಕಪ್ಪು ಎಲ್ಲಾ ಕಡೆ ಒಂದೇ ಸಮ ಇರುತ್ತದೆ. ನಿಜವಾಗಿ ಬಳಸಿದ ಚರಿಗೆ ಹಾಗಿರಲ್ಲ. ಕೈ ಹಿಡಿಯುವ ಕುತ್ತಿಗೆ ಹೊಳಪಾಗಿ ಸವೆದಿರುತ್ತದೆ. ನೆಲಕ್ಕೆ ತಾಗುವ ತಳದ ಸುತ್ತ ಸಣ್ಣ ಗೀರು ಎಲ್ಲಾ ದಿಕ್ಕಿಗೂ ಇರುತ್ತವೆ. ಮಡಿಕೆಯ ಸಂದಿಯಲ್ಲಿ ಮಾತ್ರ ಕಪ್ಪು ಕೂತಿರುತ್ತದೆ. ರೈಲ್ವೆ ಹೆಸರು ಒತ್ತಿದ ಹಿತ್ತಾಳೆ ಸಾಮಾನಿನಲ್ಲಿ ನಕಲಿ ಬಹಳ. ಹುಬ್ಬಳ್ಳಿ ರೈಲ್ವೆ ಊರು ಅಂತ ಇಲ್ಲಿ ಆ ಆಸೆಯೂ ಜಾಸ್ತಿ. ಎಂ ಆಂಡ್ ಎಸ್‌ಎಂ ರೈಲ್ವೆ, ಅಂದರೆ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ, ಇದ್ದದ್ದು 1908ರಿಂದ 1951ರವರೆಗೆ. ಆ ಗುರುತಿನ ಪಿಂಗಾಣಿ ಕಪ್ಪು, ತಾಟು ಸಿಕ್ಕರೆ ಗುರುತು ಗ್ಲೇಜಿನ ಕೆಳಗಿದೆಯೋ ಮೇಲಿದೆಯೋ ಉಗುರಿನಿಂದ ನೋಡಿ. ಮೇಲೆ ಅಂಟಿಸಿದ್ದಾದರೆ ಕೈಗೆ ತಡೆಯುತ್ತದೆ.

ಕೊರೆದ ಹೆಸರನ್ನು ಓದಿ

ಆಯೇರಿ ಪಾತ್ರೆಗೆ, ಅಂದರೆ ಲಗ್ನದಲ್ಲಿ ಉಡುಗೊರೆ ಕೊಡುವ ಪಾತ್ರೆಗೆ, ಹೆಸರು ಹಾಕಿಸೋದು ನಮ್ಮ ಕಡೆಯ ಹಳೇ ರೂಢಿ. ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಿಥಿ. ಕನ್ನಡವೂ ಇರುತ್ತದೆ, ಮರಾಠಿಯೂ ಇರುತ್ತದೆ, ಯಾಕಂದರೆ 1956ರವರೆಗೆ ನಾವು ಮುಂಬಯಿ ಕಡೆಗೆ ಸೇರಿದ್ದೆವು.

ಓದೋಕೆ ಒಂದು ಉಪಾಯ. ತೆಳ್ಳನೆ ಕಾಗದ ಮೇಲಿಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಎದ್ದು ಬರುತ್ತದೆ. "ಶಕೆ" ಅಂತ ಇದ್ದರೆ ಅದಕ್ಕೆ 78 ಕೂಡಿಸಿ. ಶಕೆ 1865 ಅಂದರೆ 1943ರ ಯುಗಾದಿಯಿಂದ ಶುರುವಾದ ವರ್ಷ. ಬರೀ ಸಂವತ್ಸರದ ಹೆಸರು ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದು ತಿರುಗಿ ಬರುತ್ತದೆ ಅನ್ನೋದು ನೆನಪಿರಲಿ. ಪಾರ್ಥಿವ ಅಂದರೆ 1945-46 ಆಗಬಹುದು, 2005-06 ಕೂಡ ಆಗಬಹುದು. ಸವಕಳಿ ನೋಡಿ ನಿರ್ಧಾರ ಮಾಡಿ.

ಹೆಸರು ಇದ್ದರೆ ಪಾತ್ರೆ ಹಳೇದು ಅಂತ ತೋರುತ್ತದೆ, ಮಾರೋಕೆ ಕಷ್ಟ ಅಂತ ಕೆಲವರು ಬಫ್ ಹಚ್ಚಿ ಅಳಿಸುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಹೆಸರಿದ್ದ ಚರಿಗೆ, ಹೆಸರಿಲ್ಲದ ಚರಿಗೆ ಎರಡಿದ್ದು ಒಂದನ್ನೇ ಕೊಳ್ಳೋ ದುಡ್ಡು ಇದ್ದರೆ, ನೆಗ್ಗಿದ್ದರೂ ಹೆಸರಿದ್ದದ್ದನ್ನೇ ತಗೊಳ್ಳಿ.

ಕಾಗದ: ಏನನ್ನು ಆರಿಸಬೇಕು

ಕ್ಯಾಟಲಾಗು ಅಂದ ಕೂಡಲೇ ದಪ್ಪನೆ ಪುಸ್ತಕ ಅಂತ ತಿಳಿಯಬೇಡಿ. ಒಂದೇ ಹಾಳೆಯ ದರಪಟ್ಟಿಯೂ ಕ್ಯಾಟಲಾಗೇ. ಕುಕ್ಕರಿನ ಜೊತೆ ಬಂದ ಅಡುಗೆ ಪುಸ್ತಿಕೆ, ಸ್ಟೋವು ಹೊತ್ತಿಸೋದು ಹೇಗೆ ಅನ್ನೋ ಹಾಳೆ, ಗ್ಯಾರಂಟಿ ಕಾರ್ಡು, ಬಿಡಿಭಾಗಗಳ ಪಟ್ಟಿ, ಪಾತ್ರೆ ಅಂಗಡಿಯ ಬಿಲ್ಲು, ಡಬ್ಬಿಯ ಲೇಬಲ್ಲು ಎಲ್ಲಾ ಬೇಕು. ನಮ್ಮ ಭಾಗಕ್ಕೆ ಸಾಮಾನು ಬರುತ್ತಿದ್ದ ದಾರಿಯೂ ಇವುಗಳಿಂದ ತಿಳಿಯುತ್ತದೆ. ಕಂದೀಲಿನ ಕಾಗದದಲ್ಲಿ ಕರಾಡ ಹತ್ತಿರದ ಓಗಲೆವಾಡಿ ಕಂಡರೆ ಅದು ಪ್ರಭಾಕರ ಕಂದೀಲು ಮಾಡುತ್ತಿದ್ದ ಓಗಲೆ ಗ್ಲಾಸ್ ವರ್ಕ್ಸ್. ಕಬ್ಬಿಣದ ನೇಗಿಲು, ಮೇವು ಕತ್ತರಿಸೋ ಯಂತ್ರದ ಪಟ್ಟಿಯಲ್ಲಿ ಕಿರ್ಲೋಸ್ಕರರ ಹೆಸರು ಇರುತ್ತದೆ. ಅವರು 1888ರಲ್ಲಿ ಬೆಳಗಾವಿಯಲ್ಲಿ ಶುರು ಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದವರು. ನೇಗಿಲು ಅಡುಗೆಮನೆ ಸಾಮಾನಲ್ಲ, ಗೊತ್ತು. ಆದರೂ ನಾನು ಬಿಡೋದಿಲ್ಲ.

ರದ್ದಿ ಅಂಗಡಿಯಲ್ಲಿ ಕ್ಯಾಟಲಾಗು ಒಂಟಿಯಾಗಿ ಸಿಗೋದು ಅಪರೂಪ. ಅದು ಏನೋ ಒಂದರ ಒಳಗೆ ಇರುತ್ತದೆ. ಹಳೇ ಪಂಚಾಂಗ, ವಾರಪತ್ರಿಕೆಯ ಬೌಂಡು, ಅಡುಗೆ ಪುಸ್ತಕ ಕಂಡರೆ ಬೆನ್ನು ಹಿಡಿದು ಹಾಳೆ ಸರಿಸಿ ನೋಡಿ. ಅಡುಗೆ ಪುಸ್ತಕದ ಹಿಂದಿನ ಪುಟದ ಜಾಹೀರಾತೂ ಸಾಕ್ಷಿಯೇ.

ಕೊಳ್ಳೋ ಮೊದಲು ನಾಲ್ಕು ಮೂಲೆ ನೋಡಿ. ಗೊರಲೆ ತಿಂದದ್ದು ಅಂಚಿನಿಂದ ಒಳಗೆ ದಾರಿ ಮಾಡಿರುತ್ತದೆ. ಒಂದು ಮೂಲೆ ಮೆಲ್ಲಗೆ ಬಗ್ಗಿಸಿ. ಅಲ್ಲೇ ಮುರಿದರೆ ಕಾಗದ ಸುಟ್ಟಂತಾಗಿದೆ, ಮುಟ್ಟಿದಷ್ಟೂ ಉದುರುತ್ತದೆ. ಬೇರೆಲ್ಲೂ ಸಿಗದ್ದಾದರೆ ಮಾತ್ರ ತಗೊಳ್ಳಿ, ಅಲ್ಲೇ ಫೋಟೋ ಹೊಡೆದುಕೊಳ್ಳಿ.

ತಾರೀಖು ಇಲ್ಲದ ಕಾಗದಕ್ಕೆ ತಾರೀಖು ಹಚ್ಚೋದು

ಇಡೀ ಹವ್ಯಾಸದಲ್ಲಿ ನನಗೆ ಹೆಚ್ಚು ಖುಷಿ ಕೊಡೋದು ಇದೇ. ಬಹಳಷ್ಟು ದರಪಟ್ಟಿಯಲ್ಲಿ ಇಸವಿ ಇರಲ್ಲ. ಬೇಕಂತಲೇ ಹಾಕುತ್ತಿರಲಿಲ್ಲ, ಮುಂದಿನ ವರ್ಷವೂ ಅದನ್ನೇ ಹಂಚಬೇಕಲ್ವಾ. ಆದರೆ ಸುಳಿವು ಬಿಟ್ಟಿರುತ್ತಾರೆ.

ಮೊದಲು ಬೆಲೆ ನೋಡಿ. ರೂಪಾಯಿ, ಆಣೆ, ಪೈ ಅಂತ ಮೂರು ಕಾಲಂ ಇದ್ದರೆ ಅದು 1957ರ ಏಪ್ರಿಲ್‌ಗಿಂತ ಮುಂಚಿನದು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. "ನಯೇ ಪೈಸೆ" ಅಥವಾ "ನ.ಪೈ." ಇದ್ದರೆ 1957ರಿಂದ 1964ರ ನಡುವೆ. ಬರೀ ಪೈಸೆ ಅಂತಿದ್ದರೆ ಆಮೇಲಿನದು. ಆಣೆ ಮತ್ತು ನಯೇ ಪೈಸೆ ಎರಡೂ ಒಟ್ಟಿಗೆ ಇರುವ ಪಟ್ಟಿ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಅದು ನಾಣ್ಯ ಬದಲಾದ ಆ ಒಂದೆರಡು ವರ್ಷದ್ದು. ತೆರಿಗೆ ಎಲ್ಲಾ ಸೇರಿ ಗರಿಷ್ಠ ಮಾರಾಟ ಬೆಲೆ ಅನ್ನೋ ಸಾಲು ಡಬ್ಬಿಯ ಮೇಲೆ ಇದ್ದರೆ ಅದು 1990ರಿಂದ ಈಚಿನದು. ರೂಪಾಯಿಯ ಈಗಿನ ಚಿಹ್ನೆ ಬಂದದ್ದು 2010ರಲ್ಲಿ.

ಆಮೇಲೆ ತೂಕ. ಸೇರು, ಮಣ, ತೊಲ, ಪೌಂಡು ಇದ್ದರೆ ಹಳೇದು. 80 ತೊಲಕ್ಕೆ ಒಂದು ಸೇರು, ಈಗಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಕಿಲೋ ತೂಕ 1958ರಿಂದ ಹಂತ ಹಂತವಾಗಿ ಬಂದು 1962ರ ಹೊತ್ತಿಗೆ ಕಡ್ಡಾಯವಾಯಿತು. ಎರಡನ್ನೂ ಪಕ್ಕಪಕ್ಕ ಅಚ್ಚು ಹಾಕಿದ ಪರಿವರ್ತನೆ ಪಟ್ಟಿಗಳು ಆ ದಿನಗಳಲ್ಲಿ ಬಹಳ ಬಂದವು. ಹಳೇ ಅಂಗಡಿಯ ಗೋಡೆಯ ಮೇಲೆ ಇವತ್ತಿಗೂ ಒಂದೊಂದು ಕಾಣಬಹುದು.

ವಿಳಾಸ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ. "ಗದಗ, ಜಿ. ಧಾರವಾಡ" ಅಂತ ಇದ್ದರೆ 1997ಕ್ಕಿಂತ ಮುಂಚೆ ಅಚ್ಚಾದದ್ದು. ಗದಗ, ಹಾವೇರಿ ಆ ವರ್ಷ ಬೇರೆ ಜಿಲ್ಲೆಯಾದವು. "ಮೈಸೂರು ರಾಜ್ಯ" ಅಂತಿದ್ದರೆ 1956ರ ನವೆಂಬರ್‌ನಿಂದ 1973ರ ನವೆಂಬರ್ ಒಳಗೆ. "ಮುಂಬಯಿ ಇಲಾಖೆ" ಅಥವಾ "ಮುಂಬಯಿ ರಾಜ್ಯ" ಇದ್ದರೆ 1956ಕ್ಕೂ ಹಿಂದೆ. ಸವಣೂರಿನ ಕಾಗದದಲ್ಲಿ "ಸಂಸ್ಥಾನ" ಅಂತ ಕಂಡರೆ ನವಾಬರ ಕಾಲದ್ದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ನಿಂದ ಈಚೆ. ಅದಿಲ್ಲ ಅಂದಾಕ್ಷಣ ಹಳೇದು ಅಂತ ಅಲ್ಲ, ಎಷ್ಟೋ ಅಂಗಡಿಯವರು ಹಳೇ ಬ್ಲಾಕೇ ವರ್ಷಗಟ್ಟಲೆ ಬಳಸಿದ್ದಾರೆ. ಫೋನ್ ನಂಬರಿನಲ್ಲಿ ಎರಡೇ ಮೂರೇ ಅಂಕಿ ಇದ್ದರೆ ಊರಲ್ಲಿ ಫೋನು ಎಷ್ಟಿದ್ದವು ಅನ್ನೋದೂ ಗೊತ್ತಾಗುತ್ತದೆ.

ಕಂಪನಿ ಹೆಸರೂ ಸಹಾಯಕ್ಕೆ ಬರುತ್ತದೆ. ಚಿಮಣಿ ಎಣ್ಣೆಯ ಡಬ್ಬಿ, ಗ್ಯಾಸಿನ ಪುಸ್ತಿಕೆಯಲ್ಲಿ "ಬರ್ಮಾ ಶೆಲ್" ಇದ್ದರೆ 1976ಕ್ಕೆ ಮುಂಚಿನದು. ಆಮೇಲೆ ಅದು ಸರಕಾರದ್ದಾಗಿ ಭಾರತ್ ಪೆಟ್ರೋಲಿಯಂ ಆಯಿತು. ಬೆಂಗಳೂರಿನಲ್ಲಿ ಪ್ರೆಸ್ಟೀಜ್ ಕುಕ್ಕರು, ಮುಂಬಯಿಯಲ್ಲಿ ಹಾಕಿನ್ಸ್ ಕುಕ್ಕರು ಎರಡೂ ಶುರುವಾದದ್ದು 1959ರಲ್ಲಿ. "ಇದು 1940ರ ಹಾಕಿನ್ಸ್" ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಐಎಸ್‌ಐ ಗುರುತು ಬಂದದ್ದೇ 1955ರ ಹೊತ್ತಿಗೆ.

ಕೊನೆಗೆ ಬೆರಳು. ಹಾಳೆಯ ಹಿಂಬದಿಯನ್ನು ಕಣ್ಣು ಮುಚ್ಚಿ ಸವರಿ. ಅಕ್ಷರ ಉಬ್ಬಿ ಕೈಗೆ ತಗುಲಿದರೆ ಅದು ಸೀಸದ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ನುಣ್ಣಗಿದ್ದರೆ ಹೆಚ್ಚಾಗಿ ಆಫ್‌ಸೆಟ್. ನಮ್ಮ ಕಡೆ ಮೊಳೆಯ ಅಚ್ಚು ತಡವಾಗಿ ಹೋಯಿತು, ಹೀಗಾಗಿ ಇದೊಂದರಿಂದಲೇ ತೀರ್ಮಾನ ಬೇಡ. ಎರಡು ಮೂರು ಸುಳಿವು ಕೂಡಿದರೆ ಸಾಕು. "ಸು. 1957-62" ಅಂತ ಬರೆದಿಡಿ. ಒಂದೇ ಇಸವಿ ಗಟ್ಟಿಯಾಗಿ ಬರೆಯೋ ಹಠ ಬೇಡ.

ಬೆಲೆ ಮಾತಾಡೋದು

ಮನೆ ಬಿಡೋ ಮೊದಲು ಅವತ್ತಿನ ಮೋಡಕಾ ದರ ಕೇಳಿಕೊಳ್ಳಿ. ತಾಮ್ರಕ್ಕೆ ಕಿಲೋಗೆ ಎಷ್ಟು, ಹಿತ್ತಾಳೆಗೆ ಎಷ್ಟು. ಅದಕ್ಕಿಂತ ಕೆಳಗೆ ಯಾರೂ ಕೊಡಲ್ಲ, ಕೇಳಲೂಬಾರದು. ಕೆಲಸಗಾರಿಕೆ, ಹೆಸರು, ವಯಸ್ಸು ಇದ್ದರೆ ಅದರ ಮೇಲೆ ಸ್ವಲ್ಪ.

"ಕಾಕಾ, ಈ ತಂಬಿಗಿ ಎಷ್ಟ್ರಿ?"

"ತೂಕದ ಮ್ಯಾಲ ಐತ್ರಿ. ಗಟ್ಟಿ ಹಿತ್ತಾಳಿ, ಕೈಯಾಗ ಹಿಡದ ನೋಡ್ರಿ."

"ತೂಕಾ ಆಮ್ಯಾಲ ನೋಡೂಣು. ಈ ತಂಬಿಗಿ, ಆ ಕಾಗದದ ಕಟ್ಟ, ಎರಡೂ ಕೂಡಿ ಏನ ಹೇಳ್ತೀರಿ?"

ಮಾತು ಹೀಗೆ ನಡೆಯಲಿ. ಎರಡನ್ನೂ ಕೂಡಿಸಿ ಕೇಳಿದರೆ ಇಬ್ಬರಿಗೂ ಅನುಕೂಲ. ಮಾರುವವರಿಗೆ ಕಾಗದದ ಕಟ್ಟು ಭಾರವೇ. ಆದರೆ ವಯಸ್ಸಾದ ಅಜ್ಜಿ ತನ್ನ ಮನೆಯ ಗಂಗಾಳವನ್ನೇ ಮಾರೋಕೆ ತಂದಿದ್ದರೆ ಚೌಕಾಸಿ ಮಾಡಬೇಡಿ. ಯಾರ ಮನೆಯದು, ಅದರಲ್ಲಿ ಏನು ಬಡಿಸುತ್ತಿದ್ದರು ಕೇಳಿ, ಬರೆದುಕೊಳ್ಳಿ, ಹೇಳಿದ ಬೆಲೆ ಕೊಡಿ. ಆ ಮಾತು ಯಾವ ಕ್ಯಾಟಲಾಗಿನಲ್ಲೂ ಸಿಗಲ್ಲ.

ಒಂದೇ ಅಂಗಡಿಗೆ ಮೇಲಿಂದ ಮೇಲೆ ಹೋಗಿ, ಖಾಲಿ ಕೈಲಿ ಬಂದರೂ ಪರವಾಗಿಲ್ಲ. ಒಂದು ಚಹಾ ಕುಡಿದು ಬನ್ನಿ. ನಿಮಗೆ ಏನು ಬೇಕು ಅಂತ ತಿಳಿದ ಮೇಲೆ ಅವರೇ ತೆಗೆದಿಡುತ್ತಾರೆ.

ಇವನ್ನು ಕೊಳ್ಳಬೇಡಿ

ದೇವಸ್ಥಾನ, ಮಠ, ಮಸೀದಿಯ ಹೆಸರು ಕೊರೆದ ಗಂಟೆ, ಹಂಡೆ, ಕೊಪ್ಪರಿಗೆ. ರೈಲ್ವೆಯ ಮುದ್ರೆ ಇರುವ, ಎಲ್ಲಿಂದ ಬಂತು ಅಂತ ಹೇಳಲಾಗದ ಸಾಮಾನು. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳೋದರ ಮೇಲೆ 1966ರ ಕಾನೂನೇ ಇದೆ. ನೂರು ವರ್ಷ ದಾಟಿದ ಶಿಲ್ಪ, ವಿಗ್ರಹ, ಕಲಾಕೃತಿಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಅಂಥವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಬೆಲೆ ಜಾಸ್ತಿ ಇರೋದನ್ನು ಕೊಂಡರೆ ಅಂಗಡಿಯ ಚೀಟಿ ಮೇಲೆ ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ

ಕಾಗದವನ್ನು ನೇರ ಕಪಾಟಿಗೆ ಸೇರಿಸಬೇಡಿ. ಅದರೊಳಗಿನ ಹುಳ ನಿಮ್ಮ ಬೇರೆ ಪುಸ್ತಕಕ್ಕೂ ಹತ್ತುತ್ತದೆ. ಮೊದಲು ನೆರಳಲ್ಲಿ ಬಿಡಿಸಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಹುಳದ ಅನುಮಾನ ಇದ್ದರೆ ಪೂರ್ತಿ ಒಣಗಿದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ.

ತುಕ್ಕು ಹಿಡಿದ ಪಿನ್ನು ಎಳೆಯಬೇಡಿ. ಹಿಂದಿನ ಕಾಲು ನೆಟ್ಟಗೆ ಮಾಡಿ ಮೆಲ್ಲಗೆ ತೆಗೆಯಿರಿ, ಬದಲಿಗೆ ಹತ್ತಿ ದಾರ ಹಾಕಿ. ಸೆಲ್ಲೋಟೇಪು ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ. ಟೇಪಿನ ಗೋಂದು ಕೆಲವು ವರ್ಷಕ್ಕೆ ಕಂದು ಕಲೆ ಬಿಡುತ್ತದೆ, ಲ್ಯಾಮಿನೇಶನ್ ಮತ್ತೆ ಬಿಡಿಸೋಕೆ ಆಗಲ್ಲ.

ಪಾತ್ರೆಯನ್ನು ಮೊದಲು ಬರೀ ಸೋಪಿನ ನೀರಲ್ಲಿ ತೊಳೆದು ಒರೆಸಿ. ತಿಕ್ಕಬೇಕೋ ಬೇಡವೋ ಅಂತ ಆಮೇಲೆ ಯೋಚಿಸಿ. ಹಸಿರು ಕಿಲುಬು ಇದ್ದರೆ ತೆಗೆಯಲೇಬೇಕು. ಕಂದು ಬಣ್ಣಕ್ಕೆ ತಿರುಗಿದ್ದು ಮಾತ್ರ ಆದರೆ ಹಾಗೇ ಬಿಡಿ ಅನ್ನೋದು ನನ್ನ ಅಭಿಪ್ರಾಯ. ಹುಣಸೆಹಣ್ಣು, ಉಪ್ಪು ಹಚ್ಚಿದರೆ ಹೊಳಪು ಬರುತ್ತದೆ ನಿಜ, ಆದರೆ ಹುಳಿ ಪ್ರತಿ ಸಲ ಲೋಹದ ಒಂದು ಪದರ ತಿನ್ನುತ್ತದೆ. ಚುಕ್ಕಿ ಅಕ್ಷರ ಇರುವ ಜಾಗಕ್ಕೆ ಹುಳಿ, ಪುಡಿ, ತಂತಿ ಬ್ರಷ್ ಯಾವುದೂ ಬೇಡ.

ಹಂಚಿನ ತುಕ್ಕು ತೆಂಗಿನ ನಾರು, ಬೂದಿಯಿಂದ ಉಜ್ಜಿ ತೆಗೆದು, ಕಾಯಿಸಿ, ಎಣ್ಣೆ ಸವರಿ, ಮತ್ತೆ ಕಾಯಿಸಿ. ನಾಲ್ಕಾರು ಸಲ ಹೀಗೆ ಮಾಡಿ. ಮೊದಲ ರೊಟ್ಟಿ ಹತ್ತಿದರೆ ಹತ್ತಲಿ.

ಕಲಾಯಿ

ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡೋದಾದರೆ ಕಲಾಯಿ, ಅಂದರೆ ಒಳಗೆ ತವರದ ಲೇಪ, ಇರಲೇಬೇಕು. ಇಲ್ಲದಿದ್ದರೆ ಹುಳಿ, ಮಜ್ಜಿಗೆ, ಟೊಮ್ಯಾಟೊ ಬಿದ್ದಾಗ ತಾಮ್ರ ಊಟಕ್ಕೆ ಇಳಿಯುತ್ತದೆ. ಪ್ರದರ್ಶನಕ್ಕೆ ಮಾತ್ರ ಇಡೋದಾದರೆ ಹಳೇ ಕಲಾಯಿಯನ್ನು ಮುಟ್ಟಬೇಡಿ.

ಕಲಾಯಿ ಹಾಕೋರು ಈಗ ಕಡಿಮೆ. ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಗೊತ್ತು ಮಾಡಿಕೊಡುತ್ತಾರೆ. ಕೆಲಸ ಎದುರಿಗೆ ನಿಂತು ಮಾಡಿಸಿ. ಪಾತ್ರೆಯ ಒಳಗನ್ನು ಉಜ್ಜಿ, ತೊಳೆದು, ಇದ್ದಿಲಿನ ಕೆಂಡದ ಮೇಲೆ ತಿರುಗಿಸಿ ಕಾಯಿಸುತ್ತಾರೆ. ಇಕ್ಕಳದಿಂದ ಹಿಡಿದು ನವಸಾಗರದ ಪುಡಿ ಎರಚಿದ ಕೂಡಲೇ ಬಿಳಿ ಹೊಗೆ ಏಳುತ್ತದೆ, ಮೂಗು ಚುರುಗುಟ್ಟುತ್ತದೆ. ಗಾಳಿ ಬರುವ ಕಡೆ ನಿಲ್ಲಿ, ಹೊಗೆ ಹೋಗುವ ಕಡೆ ಬೇಡ. ತವರದ ಕಡ್ಡಿ ಒಮ್ಮೆ ತಾಗಿಸಿದರೆ ಹನಿಯಾಗಿ ಕರಗುತ್ತದೆ, ಹತ್ತಿ ಬಟ್ಟೆಯ ಉಂಡೆಯಿಂದ ಅದನ್ನು ಸರಸರ ತಳದಿಂದ ಅಂಚಿಗೆ ಎಳೆಯುತ್ತಾರೆ. ಕಂದು ಪಾತ್ರೆ ಕಣ್ಣೆದುರೇ ಕನ್ನಡಿಯಾಗುತ್ತದೆ. ಆಮೇಲೆ ತಣ್ಣೀರಲ್ಲಿ ಅದ್ದಿ ತೆಗೆದರೆ ಮುಗಿಯಿತು.

ತವರ ಶುದ್ಧ ಇದೆಯೋ ಇಲ್ಲವೋ ಮೊದಲೇ ಕೇಳಿ. ಸೀಸ ಬೆರೆಸಿದ್ದು ಅಗ್ಗ, ಆದರೆ ವಿಷ. ಶುದ್ಧ ತವರದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಸಣ್ಣಗೆ ಚಿಟಿಚಿಟಿ ಅನ್ನುತ್ತದೆ. ಸೀಸ ಸುಮ್ನೆ ಬಗ್ಗುತ್ತದೆ. ಕಲಾಯಿ ಪಾತ್ರೆಯನ್ನು ಒಣಗಿದ್ದಂತೆ ಒಲೆ ಮೇಲೆ ಬಿಡಬೇಡಿ. ತವರ 232 ಡಿಗ್ರಿಗೇ ಕರಗುತ್ತದೆ, ಬರೀ ಪಾತ್ರೆ ಅಷ್ಟು ಕಾಯೋಕೆ ಬಹಳ ಹೊತ್ತು ಬೇಕಿಲ್ಲ.

ಬರೆದಿಡೋದು, ಎತ್ತಿಡೋದು

ಒಂದು ದಪ್ಪ ನೋಟುಬುಕ್ಕು ಇಡಿ. ಪ್ರತಿ ವಸ್ತುವಿಗೆ ಒಂದು ನಂಬರು. ಎಲ್ಲಿ ಸಿಕ್ಕಿತು, ಯಾವಾಗ, ಎಷ್ಟು ಕೊಟ್ಟಿರಿ, ತೂಕ, ಎತ್ತರ, ಬಾಯಿಯ ಅಗಲ, ಅದರ ಮೇಲಿನ ಬರಹ ಇದ್ದದ್ದು ಇದ್ದ ಹಾಗೆ. ಮಾರಿದವರು ಏನಂತ ಕರೆದರೋ ಆ ಹೆಸರೂ ಬೇಕು. ಅದೇ ಪಾತ್ರೆಗೆ ಧಾರವಾಡದಲ್ಲಿ ಒಂದು ಹೆಸರು, ರಾಣೇಬೆನ್ನೂರಲ್ಲಿ ಇನ್ನೊಂದು. ಕಾಗದಕ್ಕೆ ನಂಬರನ್ನು ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆಯಿರಿ, ಪೆನ್ನು ಬೇಡ. ಪಾತ್ರೆಗೆ ದಾರದಲ್ಲಿ ರಟ್ಟಿನ ಚೀಟಿ ಕಟ್ಟಿ. ದರಪಟ್ಟಿಯಲ್ಲಿ ಪಾತ್ರೆಯ ಜೋಡಿ ಸಿಕ್ಕಾಗ ಎರಡೂ ಪುಟದಲ್ಲಿ ಒಂದರ ನಂಬರು ಇನ್ನೊಂದಕ್ಕೆ ಬರೆಯಿರಿ.

ಕ್ಯಾಟಲಾಗುಗಳನ್ನು ಸ್ಕ್ಯಾನ್ ಮಾಡಿ, 300 ಡಿಪಿಐ ಸಾಕು, ಸಣ್ಣ ಲೇಬಲ್ಲಿಗೆ 600. ಮೂಲವನ್ನು ಅಡ್ಡ ಮಲಗಿಸಿ ಇಡಿ. ನಡುವೆ ನ್ಯೂಸ್‌ಪೇಪರು ಹಾಕಬೇಡಿ, ಅದರ ಆಮ್ಲ ಇದಕ್ಕೂ ಹತ್ತುತ್ತದೆ. ಆಮ್ಲ ಇಲ್ಲದ ಬಿಳಿ ಹಾಳೆ ಹಾಕಿ. ಮಳೆಗಾಲದಲ್ಲಿ ಧಾರವಾಡದ ಗೋಡೆಗಳು ಹಸಿ ಹಿಡಿಯುತ್ತವೆ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ. ಹಿತ್ತಾಳೆ ಪಾತ್ರೆಗಳನ್ನು ಒಂದರೊಳಗೆ ಒಂದು ಇಡುವಾಗ ನಡುವೆ ಬಟ್ಟೆ ಇರಲಿ. ಕಂಚಿನ ಗಂಗಾಳದ ಮೇಲೆ ಭಾರ ಹೇರಬೇಡಿ.

ಒಂದೇ ತರಹದ್ದು ಎರಡು ಮೂರು ಕೂಡಿದಾಗ ಬದಲಿ ಮಾಡಿಕೊಳ್ಳಿ ಅಥವಾ ಇಷ್ಟಪಡುವವರಿಗೆ ಕೊಡಿ. ಕೊಡುವಾಗ ನೋಟುಬುಕ್ಕಿನ ಆ ಪುಟದ ಒಂದು ನಕಲು, ಜೋಡಿ ಕಾಗದ ಇದ್ದರೆ ಅದರ ಜೆರಾಕ್ಸು, ಎರಡನ್ನೂ ಪಾತ್ರೆಯೊಳಗೆ ಹಾಕಿ ಕೊಡಿ.